ಫುಕಗಾವಾದ ಇಪ್ಪತ್ತಾರು ಪೀಪಾಯಿಗಳು

ಕ್ಯೋವಾ ಶಕೆಯ ಮೂರನೇ ವರ್ಷ, ಆರನೇ ತಿಂಗಳ ಹದಿನಾಲ್ಕು. ಎದೋ ನಗರದಲ್ಲಿ ದಡಾರ ಎದ್ದು ಎರಡು ತಿಂಗಳಾಗಿತ್ತು. ಬೆಳಗ್ಗೆ ಎಂಟರ ಸುಮಾರಿಗೆ ಒತೋಮೆ ಎಂಬ ಬಡಗಿಯ ಹೆಂಡತಿ ಫುಕಗಾವಾ ಠಾಣೆಗೆ ಪೀಪಾಯಿಯೊಂದನ್ನು ಉರುಳಿಸಿಕೊಂಡು ಬಂದಳು.

"ಏನಮ್ಮಾ ಇದು?" ತನಿಖಾಧಿಕಾರಿ ಹಿರೋಸೆ ಮೂಗು ಮುಚ್ಚಿಕೊಂಡ.

"ಬದನೆಕಾಯಿ ಉಪ್ಪಿಗೆ ಹಾಕಿದ್ದೆ ಸ್ವಾಮಿ. ತಳ ಕೆರೀತಿದ್ರೆ ಇದು ಸಿಕ್ತು."

ಹಲಗೆಯ ಸಂದಿಯಿಂದ ಅವಳು ಎಳೆದು ತೋರಿಸಿದ್ದು ಉದ್ದನೆಯ ಕೂದಲಿನ ಸಿಕ್ಕು. ಅದರೊಳಗೆ ಒಂದು ಜಪಮಣಿ.

"ತಿಂದಿದ್ದೀರಾ?"

"ಎಂಟು ದಿನದಿಂದ. ದಡಾರ ಬಿಟ್ಟೆದ್ದ ಮಗೂಗೆ ಗಂಜಿ ಜೊತೆ ಅದನ್ನೇ..." ಮಾತು ಮುಗಿಸದೆ ಹೊರಗೋಡಿ ವಾಂತಿ ಮಾಡಿದಳು.

ಇಬ್ಬರು ಪಂಚರ ಮುಂದೆ ಪಂಚನಾಮೆಯಾಯಿತು. ಪೇದೆ ಮತ್ಸುಗೊರೊ ಪೀಪಾಯಿ ಮಾಡುವ ಇಹೇಯ್‌ನನ್ನು ಕರೆತಂದ. ಮುದುಕ ಹಲಗೆಯನ್ನು ಬೆರಳಿಂದ ತಟ್ಟಿ ನೋಡಿದ.

"ಇಷ್ಟು ತೆಳು ಹಲಗೇಲಿ ಉಪ್ಪಿನಕಾಯಿ ಹಾಕ್ತಾರಾ ದಣಿ? ಇದು ಹೆಣ ಕೂರಿಸಿ ಹೂಳೋದು. ನಾನೇ ಮಾಡಿದ್ದು, ಬಣ್ಣಗಾರರ ಹುಡುಗಿಗೆ."

"ಗುರುತು?"

"ಇಂಥದ್ದಕ್ಕೆ ಮೂರೇ ಬಿದಿರು ಕಟ್ಟು. ಅವರಪ್ಪ, ಗಟ್ಟಿಯಿರಲಿ, ಇನ್ನೊಂದು ಹಾಕು ಅಂದ. ನಾಲ್ಕಿದೆ, ನೋಡಿ."

ಒತೋಮೆ ಅದನ್ನು ಕೊಂಡದ್ದು ಸೇತುವೆ ಬಳಿಯ ಹಳೇ ಸಾಮಾನಿನ ವ್ಯಾಪಾರಿಯಿಂದ. ಅವನನ್ನು ಗದರಿಸಿದಾಗ ದೇವಾಲಯದ ಸ್ಮಶಾನ ಕಾಯುವ ಕುಮಜೊನ ಹೆಸರು ಹೇಳಿದ. ಹದಿನಾರರ ಸಂಜೆ, ತೊಳೆದ ಮೂರು ಪೀಪಾಯಿಗಳೊಂದಿಗೆ ಸೇತುವೆಗೆ ಬಂದ ಕುಮಜೊನನ್ನು ಮತ್ಸುಗೊರೊ ಹಗ್ಗ ಬಿಗಿದು ದಸ್ತಗಿರಿ ಮಾಡಿದ.

"ಇದುವರೆಗೆ ಮಾರಿದ್ದು ಎಷ್ಟು?"

"ಇಪ್ಪತ್ತಾರು."

ಅಂದರೆ ಇಪ್ಪತ್ತಾರು ಅಡುಗೆಮನೆ.

"ಹೆಣಗಳು?"

"ಮಣ್ಣಲ್ಲೇ ಇವೆ."

"ದೇವಾಲಯದ ಗುರುಗಳಿಗೆ ಗೊತ್ತಿತ್ತೇನೋ?"

"ಚೆನ್ನಾಗಿದ್ದ ಎರಡನ್ನ ಅವರೇ ಅಡುಗೆಮನೆಗೆ ಇಟ್ಕೊಂಡ್ರು. ಬಿಸಿನೀರಲ್ಲಿ ತೊಳಿ ಅಂದ್ರು."

ನಗರದ ಪೊಲೀಸರು ದೇವಾಲಯದ ಬಾಗಿಲು ದಾಟುವಂತಿರಲಿಲ್ಲ. ಹಿರೋಸೆ ಆ ಹೇಳಿಕೆಯನ್ನು ದೇವಾಲಯಗಳ ಉಸ್ತುವಾರಿ ಕಚೇರಿಗೆ ಕಳಿಸಿದ. ಉತ್ತರ ಬರಲೇ ಇಲ್ಲ.

ನಾಲ್ಕನೇ ತಿಂಗಳಲ್ಲಿ ಕುಮಜೊನ ಇಬ್ಬರು ಮಕ್ಕಳು ಒಂದೇ ವಾರದಲ್ಲಿ ತೀರಿಕೊಂಡಿದ್ದರು. ಒಂದಾದರೂ ಪೀಪಾಯಿ ಕೊಡಿಸಿ ಎಂದು ಗುರುಗಳ ಕಾಲು ಹಿಡಿದಿದ್ದ. ಚಾಪೆ ಸಾಕು ಎಂದಿದ್ದರು. ಇಬ್ಬರನ್ನೂ ಒಂದೇ ಚಾಪೆಯಲ್ಲಿ ಸುತ್ತಿ ಹೂತಿದ್ದ.

"ಅದಕ್ಕೇ ಮಾಡಿದೆಯಾ?" ಹಿರೋಸೆ ಕೇಳಿದ.

"ನನ್ನ ಮಕ್ಕಳಿಗಿಲ್ಲದ್ದು ಇವರಿಗ್ಯಾಕೆ ಅಂತ ಮೊದಲನೇದು ತೆಗೆದಾಗ ಅನ್ನಿಸ್ತು ದಣಿ," ಎಂದ ಕುಮಜೊ. "ಆಮೇಲೆ ಏನೂ ಅನ್ನಿಸ್ಲಿಲ್ಲ."