ಇಪ್ಪತ್ತೆಂಟು ಕೋಡುಗಳ ಕಟ್ಟು

ಬೂಷ್ಟು ಹಿಡಿದ ಒಂದೇ ಒಂದು ವೆನಿಲ್ಲಾ ಕೋಡಿನಿಂದಾಗಿ ವೊಲಾ ಹನ್ನೊಂದು ವರ್ಷದ ಕೆಲಸ ಕಳೆದುಕೊಂಡಳು. ಸಂಬಾವಾ ಊರಿನ ಆ ವೆನಿಲ್ಲಾ ಮನೆಯಲ್ಲಿ ನಲವತ್ತು ಹೆಂಗಸರು ಉದ್ದ ಮೇಜುಗಳ ಎರಡೂ ಬದಿ ಕೂತು ಕೋಡುಗಳನ್ನು ಮೂಸಿ, ಬಾಗಿಸಿ, ಅಳೆದು ವಿಂಗಡಿಸುತ್ತಿದ್ದರು. ಕೆಟ್ಟದ್ದೊಂದು ಒಳಗೆ ಸೇರಿದರೆ ಇಡೀ ಪೆಟ್ಟಿಗೆ ಹಾಳು. ಹಾಳಾದ ಪೆಟ್ಟಿಗೆ ವೊಲಾ ತುಂಬಿದ್ದು. ಅವಳೆದುರು ಕೂರುತ್ತಿದ್ದ ಸೋವಜಾರಾ ಆ ಕೋಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದ್ದಳು:

“ಇವಳ ಮೂಗು ಸತ್ತು ಎರಡು ತಿಂಗಳಾಯ್ತು. ಹೆಣಾನ ಮುಖದ ಮೇಲೆ ಹೊತ್ಕೊಂಡು ದಿನಾ ಕೆಲಸಕ್ಕೆ ಬರ್ತಾಳೆ. ನಿಮ್ಮಲ್ಲಿ ಯಾರಿಗೂ ಗೊತ್ತಾಗ್ಲಿಲ್ವಾ?”

ಕೆಲವರು ನಕ್ಕರು. ಉಳಿದವರು ಕೈಯಲ್ಲಿದ್ದ ಕೋಡಿನ ಕಡೆ ನೋಡಿದರು. ವೊಲಾಗೆ ನಕ್ಕವರಿಗಿಂತ ತನ್ನ ಕಡೆ ನೋಡದವರು ಹೆಚ್ಚು ನೆನಪಿನಲ್ಲಿ ಉಳಿದರು.

ಸೋವಜಾರಾ ಹೇಳಿದ್ದು ಸುಳ್ಳೇನಲ್ಲ. ಆಗಸ್ಟಿನ ಜ್ವರ ಬಿಟ್ಟು ಎದ್ದ ಬೆಳಿಗ್ಗೆ ವೊಲಾ ಕುಡಿಯಲೆಂದು ಸೀದ ಅನ್ನದ ತಳಕ್ಕೆ ನೀರು ಹಾಕಿ ಕುದಿಸಿದ ಮಡಕೆಯ ಮುಚ್ಚಳ ತೆಗೆದಾಗ ಬರೀ ಹಬೆ ಮುಖಕ್ಕೆ ಬಡಿದಿತ್ತು. ಕೊಬ್ಬರಿ ಎಣ್ಣೆ, ಒಣಮೀನು, ಮಳೆ ಬಿದ್ದ ಅಂಗಳ, ಎಲ್ಲವೂ ಗೋಡೆಯ ಆಚೆಗೆ ಹೋಗಿದ್ದವು. ಬಟ್ಟೆಯ ಪೆಟ್ಟಿಗೆಯ ತಳದಲ್ಲಿ, ಒಗೆಯದೆ ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದ ಗಂಡನ ಅಂಗಿಯನ್ನು ಅವಳು ಎರಡೂ ಕೈಯಲ್ಲಿ ಮುಖಕ್ಕೆ ಒತ್ತಿಕೊಂಡಿದ್ದಳು. ಅದು ಬಟ್ಟೆಯಾಗಿತ್ತು, ಅಷ್ಟೆ. ಆ ದಿನ ಅವಳು ಎರಡನೇ ಸಲ ವಿಧವೆಯಾದಳು. ಅದನ್ನು ಯಾರಿಗೆ ಹೇಳುವುದು? ಹೇಳದೆಯೇ ಕಣ್ಣು ಮತ್ತು ಬೆರಳುಗಳನ್ನು ನೆಚ್ಚಿ ಎರಡು ತಿಂಗಳು ದುಡಿದಳು.

ಮೇಲ್ವಿಚಾರಕ ಬೆತೊಂಬೊ ಕೆಟ್ಟವನಲ್ಲ. ಕೆಲಸ ಹೋದ ವಾರಕ್ಕೆ ವೊಲಾ ಅವನ ಬಳಿ ಹೋಗಿ ಸೋವಜಾರಾಳ ಬಾಯಿಯ ಬಗ್ಗೆ ದೂರು ಹೇಳಿದಳು. ಅವನು ತಲೆ ಕೆರೆದುಕೊಂಡ.

“ಬಾಯಿ ಜೋರು ಅಂತ ಯಾರನ್ನಾದ್ರೂ ತೆಗೆಯಕ್ಕಾಗುತ್ತೇನಮ್ಮಾ? ಹಂಗೆ ಶುರು ಮಾಡಿದ್ರೆ ಮೊದಲು ನನ್ನ ಹೆಂಡ್ತೀನ ಮನೆಯಿಂದ ತೆಗೀಬೇಕು. ಕದ್ದಿದ್ರೆ ಹೇಳು, ಆ ಮಾತು ಬೇರೆ.”

“ನನಗೆ ವಾಪಸ್ ಕೆಲಸ?”

“ಕಟ್ಟು ಕಟ್ಟೋ ಕಡೆ ಮೂಗು ಬೇಡ, ಕೈ ಸಾಕು. ಎಲ್ಲಾದ್ರೂ ಒಂದು ಜಾಗ ಖಾಲಿ ಆಗ್ಲಿ, ಅದಲುಬದಲು ಮಾಡಿ ನಿನ್ನನ್ನೇ ಕರೀತೀನಿ.”

ವಾಪಸು ನಡೆಯುವಾಗ ಅವನ ಎರಡು ಮಾತುಗಳು ಅವಳೊಳಗೆ ತಾವಾಗಿಯೇ ಪಕ್ಕಪಕ್ಕ ಬಂದು ನಿಂತವು. ಕದ್ದಿದ್ದರೆ ಹೇಳು. ಒಂದು ಜಾಗ ಖಾಲಿಯಾಗಲಿ.

ಸೋವಜಾರಾ ಕದ್ದವಳಲ್ಲ. ಆದ್ದರಿಂದ ಕಳ್ಳತನವನ್ನು ವೊಲಾ ತಾನೇ ತಯಾರಿಸಬೇಕಿತ್ತು, ಕೋಡನ್ನು ಹದ ಮಾಡುವ ಹಾಗೆ, ಆತುರವಿಲ್ಲದೆ. ಅವಳ ಹಿತ್ತಲಲ್ಲಿ ಎರಡು ಬಳ್ಳಿಗಳಿದ್ದವು. ಕಳ್ಳರ ಭಯಕ್ಕೆ ಅಲ್ಲಿನ ಬೆಳೆಗಾರರು ಹಸಿರು ಕೋಡಿನ ಮೇಲೆಯೇ ಸೂಜಿಯಿಂದ ತಮ್ಮ ಗುರುತು ಚುಚ್ಚುತ್ತಾರೆ. ಒಣಗಿ ಕಪ್ಪಾದರೂ ಗುರುತು ಹೋಗುವುದಿಲ್ಲ. ವೊಲಾ ಮನೆಯಲ್ಲಿ ಹದ ಮಾಡಿ ಇಟ್ಟಿದ್ದವುಗಳಲ್ಲಿ, ಎಲೆಗಳ ಮರೆಯಲ್ಲಿದ್ದು ಚುಚ್ಚಲು ಮರೆತಿದ್ದ ಕೋಡುಗಳನ್ನೇ ಆರಿಸಿದಳು. ಒಂದೇ ಉದ್ದದವು, ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಿಕೊಳ್ಳುವಂಥವು, ಇಪ್ಪತ್ತೆಂಟು. ರಫಿಯಾ ನಾರಿನಿಂದ ನಡುವೆ ಮತ್ತು ಎರಡು ತುದಿಗೆ ಕಟ್ಟಿದಳು. ತನ್ನ ಕೈಯ ಗಂಟು ಹಾಕದೆ, ಹೊಸಬರಿಗೆ ಮೊದಲ ದಿನ ಕಲಿಸುವ ಗಂಟು ಹಾಕಿದಳು. ವೆನಿಲ್ಲಾ ಎಲ್ಲ ವಾಸನೆಯನ್ನೂ ಕುಡಿದುಬಿಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದಕ್ಕೇ ಒಲೆಯ ಹೊಗೆ, ಒಣಮೀನಿನ ಬುಟ್ಟಿ, ಸೀಮೆಎಣ್ಣೆಯ ದೀಪ ಮೂರರಿಂದಲೂ ದೂರ, ಒಳಕೋಣೆಯಲ್ಲಿ ಹಾಸಿಗೆಯ ತಲೆದೆಸೆಗೆ ಕಟ್ಟನ್ನು ಇಟ್ಟಳು. ಮೂಗಿಲ್ಲದವಳು ಇಷ್ಟನ್ನೆಲ್ಲ ಯೋಚಿಸಬಲ್ಲಳು ಎಂಬುದು ಅವಳಿಗೆ ಸಣ್ಣ ಹೆಮ್ಮೆ ಕೊಟ್ಟಿತು. ಎಷ್ಟೋ ದಿನದ ಮೇಲೆ ಬಂದ ಹೆಮ್ಮೆ.

ಆದರೂ ಹನ್ನೆರಡು ದಿನ ಅದು ಅಲ್ಲೇ ಇತ್ತು. ಬೆಳಿಗ್ಗೆ ಬೇಡ ಅನ್ನಿಸುತ್ತಿತ್ತು. ಸೋವಜಾರಾಳ ಮನೆಯಲ್ಲಿ ಎದ್ದು ನಡೆಯಲಾಗದ ತಾಯಿ ಇದ್ದಳು. ಜಗಳಗಂಟಿಯ ಬಾಯಿಗೆ ಕಳ್ಳಿಯ ಶಿಕ್ಷೆಯೇ? ಮಧ್ಯಾಹ್ನದ ಹೊತ್ತಿಗೆ, ಮಾಡಲು ಏನೂ ಇಲ್ಲದ ಕೈಗಳನ್ನು ಮಡಿಲಲ್ಲಿ ನೋಡುತ್ತ ಕೂತಾಗ, ಯಾಕಾಗಬಾರದು ಅನ್ನಿಸುತ್ತಿತ್ತು. ಹನ್ನೆರಡನೆಯ ದಿನ ನಲ್ಲಿಯ ಹತ್ತಿರ ಸೋವಜಾರಾಳೇ ಎದುರಾದಳು, ತಲೆಯ ಮೇಲೆ ಬಕೆಟ್ಟು.

“ಏನೇ, ಮೂಗು ಬಂತಾ?”

“ನಿನಗ್ಯಾಕಕ್ಕಾ?”

“ಕೇಳಿದ್ರೆ ತಪ್ಪಾ? ಸತ್ತೋರ ಮನೆಗೆ ಹೋದ್ರೂ ಒಂದು ಮಾತು ಕೇಳ್ತೀವಿ.”

ನಲ್ಲಿಯ ಸುತ್ತ ಇದ್ದವರು ನಕ್ಕರು. ವೊಲಾ ಅರ್ಧ ತುಂಬಿದ ಬಕೆಟ್ಟನ್ನೇ ಎತ್ತಿಕೊಂಡು ಮನೆಗೆ ಬಂದಳು. ಮರುದಿನ, ಗುರುವಾರ, ಕಟ್ಟನ್ನು ಹೊರಗೆ ತೆಗೆದಳು.

ವೆನಿಲ್ಲಾ ಮನೆಯೊಳಗೆ ಊಟದ ಬುಟ್ಟಿ ಒಯ್ಯುವಂತಿಲ್ಲ. ಬೇಲಿಯ ಪಕ್ಕದ ಚಪ್ಪರದಲ್ಲಿ ನಲವತ್ತು ಬುಟ್ಟಿಗಳು ಸಾಲಾಗಿ ತೂಗುತ್ತವೆ. ಸಂಜೆ ಬಾಗಿಲಲ್ಲಿ ಹೆಂಗಸರ ಮೈ ತಡವಿ ನೋಡುತ್ತಾರೆ. ಬುಟ್ಟಿಗಳು ಒಳಗೇ ಹೋಗಿಲ್ಲವಾದ್ದರಿಂದ ಅವನ್ನು ಯಾರೂ ನೋಡುವುದಿಲ್ಲ. ಮೂರು ಗಂಟೆಗೆ ಬಿಸಿಲಲ್ಲಿ ಹರಡಿದ ಕೋಡುಗಳನ್ನು ಕಂಬಳಿ ಸಮೇತ ಸುತ್ತಿ ಒಳಗೆ ಸಾಗಿಸುವಾಗ ಕಾವಲುಗಾರನೂ ಕೈ ಜೋಡಿಸುತ್ತಾನೆ. ಆ ಗಳಿಗೆ ವೊಲಾಗೆ ಹನ್ನೊಂದು ವರ್ಷದಿಂದ ಗೊತ್ತು. ಹಿಂತಿರುಗಿಸಬೇಕಿದ್ದ ಬಿಳಿ ಏಪ್ರನ್ನನ್ನು ಮಡಚಿ, ಅದರೊಳಗೆ ಕಟ್ಟನ್ನು ಮರೆಮಾಡಿ ಹಿಡಿದು ಅವಳು ಒಳಗೆ ಬಂದಳು. ನೀಲಿ ದಾರದಿಂದ ಹಿಡಿಕೆ ಹೊಲಿದ ಸೋವಜಾರಾಳ ಬುಟ್ಟಿಯಲ್ಲಿ, ಖಾಲಿ ಅನ್ನದ ಡಬ್ಬಿಯ ಕೆಳಗೆ, ಕಟ್ಟು ಹೋಗಿ ಕೂತಿತು.

ಬೆತೊಂಬೊ ಏಪ್ರನ್ನು ತೆಗೆದುಕೊಂಡ.

“ಯಜಮಾನ್ರೆ, ಹೇಳ್ಲೋ ಬೇಡ್ವೋ ಅಂತ ಎಷ್ಟೋ ದಿನ ನಿದ್ದೆಗೆಟ್ಟೆ,” ಎಂದಳು ವೊಲಾ. ಆ ಮಾತು ನಿಜವಾಗಿದ್ದರಿಂದ ಧ್ವನಿಯೂ ನಿಜವಾಗಿಯೇ ಬಂತು. “ಇವತ್ತು ಸಾಯಂಕಾಲ ಬುಟ್ಟಿಗಳನ್ನ ಒಂದು ಸಲ ನೋಡಿಬಿಡಿ.”

“ಯಾರ ಬುಟ್ಟಿ?”

“ಎಲ್ಲಾರದ್ದೂ ನೋಡಿ. ನನ್ನ ಹೆಸರು ಮಾತ್ರ ಬೇಡ.”

ಅವನು ಮೂಗಿನ ತುದಿ ಉಜ್ಜಿಕೊಂಡ. “ನಿಂತಿರು,” ಎಂದ.

ಐದಕ್ಕೆ ಗಂಟೆ ಹೊಡೆಯಿತು. ಹೆಂಗಸರು ಚಪ್ಪರದ ಮುಂದೆ ಸಾಲಾಗಿ ನಿಂತರು. ಹದಿನೇಳನೆಯ ಬುಟ್ಟಿಯಲ್ಲಿ ಕಟ್ಟು ಸಿಕ್ಕಿತು. ಸೋವಜಾರಾ ಬಾಯಿ ತೆರೆದಳು, ಮುಚ್ಚಿದಳು. ಆ ಬಾಯಿಗೆ ಮಾತು ಸಿಗದಿದ್ದದ್ದನ್ನು ವೊಲಾ ಮೊದಲ ಸಲ ನೋಡಿದಳು. ತಾನು ಅಂದುಕೊಂಡಷ್ಟು ಸಂತೋಷ ಅದರಲ್ಲಿರಲಿಲ್ಲ.

“ನಂದಲ್ಲ ಅದು,” ಎಂದಳು ಸೋವಜಾರಾ ಕೊನೆಗೆ. “ನಮ್ಮಮ್ಮನಾಣೆ.”

ಬಿಡಿ ಕಟ್ಟು ಸಿಕ್ಕಾಗ ಅಲ್ಲಿ ಒಂದು ಪದ್ಧತಿಯಿದೆ: ಅದು ಕೈಯಿಂದ ಕೈಗೆ ಹೋಗುತ್ತದೆ, ಯಾವ ಪೆಟ್ಟಿಗೆಯದೆಂದು ಹೆಂಗಸರು ಮೂಸಿ ಹೇಳುತ್ತಾರೆ. ಬೆತೊಂಬೊ ಕಟ್ಟನ್ನು ಸಾಲಿನ ಮೊದಲಿನವಳಿಗೆ ಕೊಟ್ಟ. ವೊಲಾಗೆ ಅದೂ ಒಳ್ಳೆಯದೇ ಅನ್ನಿಸಿತು. ಹಿತ್ತಲ ಕೋಡು ಯಾವ ಪೆಟ್ಟಿಗೆಗೂ ಹೊಂದದು, ಹೊಂದದಿದ್ದರೆ ಹಲವು ಪೆಟ್ಟಿಗೆಗಳಿಂದ ಕದ್ದು ಬೆರೆಸಿದ್ದೆಂದು ಅಂದುಕೊಳ್ಳುತ್ತಾರೆ. ಮೊದಲಿನವಳು ಮೂಸಿದಳು, ಹುಬ್ಬು ಗಂಟಿಕ್ಕಿದಳು, ಪಕ್ಕದವಳಿಗೆ ದಾಟಿಸಿದಳು. ಎರಡನೆಯವಳು ಮೂಸಿ ವೊಲಾಳ ಕಡೆ ನೋಡಿದಳು. ಮೂರನೆಯವಳು ನೋಡಲಿಲ್ಲ, ನೆಲ ನೋಡಿದಳು. ಹೀಗೇ ಸಾಲು ಮುಗಿಯಿತು. ಯಾರೂ ನಗಲಿಲ್ಲ.

ಸೋವಜಾರಾ ಕೊನೆಯವಳು. ಕಟ್ಟನ್ನು ಮೂಗಿಗೆ ಹಿಡಿದು ಮೂಸಿದಳು. ಆಮೇಲೆ ವೊಲಾಳ ಹತ್ತಿರ ಬಂದು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಳಸದ ಧ್ವನಿಯಲ್ಲಿ ಕೇಳಿದಳು: “ಇಷ್ಟು ಮಾಡಿದ್ರೂ ಇನ್ನೂ ಬಂದಿಲ್ವೇನೇ ಮೂಗು?” ವೊಲಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂರು ತಿಂಗಳಿಂದ ಪ್ರತಿ ಸಂಜೆ ಅವಳು ಅದೇ ಒಳಕೋಣೆಯಲ್ಲಿ, ಅದೇ ಹಾಸಿಗೆಯ ಮೇಲೆ, ಕುದಿಯುವ ಮಡಕೆಗೆ ರವಿಂತ್ಸಾರಾ ಎಲೆ ಹಾಕಿ, ತಲೆಯ ಮೇಲೆ ಬಟ್ಟೆ ಹೊದ್ದು, ಸತ್ತ ಮೂಗನ್ನು ಎಬ್ಬಿಸಲು ಹಬೆ ಹಿಡಿಯುತ್ತಿದ್ದಳು. ಅವಳ ಕೂದಲು, ಸೀರೆಯಂತೆ ಸುತ್ತಿದ್ದ ಲಂಬಾ, ಅಂಗೈ, ಆ ಇಪ್ಪತ್ತೆಂಟು ಕೋಡುಗಳು, ಎಲ್ಲ ಕರ್ಪೂರದಂಥ ಒಂದೇ ಘಾಟು ಬೀರುತ್ತಿದ್ದವು. ನಲವತ್ತು ಮೂಗುಗಳಿಗೆ ಅದು ಅವಳು ಗೇಟಿನಲ್ಲಿ ಕಾಲಿಟ್ಟಾಗಲೇ ತಿಳಿದಿತ್ತು. ಅವಳಿಗೆ ಮಾತ್ರ ಆ ಎಲೆ ಎಂದೂ ವಾಸನೆಯಾಗಿರಲೇ ಇಲ್ಲ. ಬರೀ ಬಿಸಿಯಾಗಿತ್ತು.