ವಿರೋಧಿಸಿದ ಒಂದೇ ಕೈ

"ವಿರೋಧ ಇರುವವರು?" ತರಬೇತುದಾರರು ಕೇಳಿದರು.

ಒಂದೇ ಒಂದು ಕೈ ಮೇಲೆದ್ದಿತು. ಅವನದು!

ಪ್ರೊಜೆಕ್ಟರ್ ಪರದೆಯ ಪಕ್ಕ ನಿಂತಿದ್ದ ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

ಕಾರ್ಪೊರೇಟ್ ಹಣಕಾಸಿನ ಆ ತರಬೇತಿಯಲ್ಲಿ ಕೊನೆಯ ದಿನ ಹೀಗೊಂದು ಪದ್ಧತಿ. ಪ್ರತಿಯೊಬ್ಬರೂ ತಮ್ಮ ಕಂಪನಿಯ ನಿಜವಾದ ಪ್ರಸ್ತಾಪವನ್ನು ಮಂಡಿಸಬೇಕು. ಉಳಿದವರು ಷೇರುದಾರರಾಗಿ ಕೈ ಎತ್ತಬೇಕು. ಅವಳದು ಅಪ್ಪನ ಪೇಂಟ್ ಕಂಪನಿ. ಅಲ್ಲಿನ ಸಂಶೋಧನಾ ಲ್ಯಾಬಿಗೆ ಅವಳೇ ಮುಖ್ಯಸ್ಥೆ. ಲ್ಯಾಬ್ ಮುಚ್ಚಿ, ಉಳಿಯುವ ಹಣವನ್ನು ಷೇರುದಾರರಿಗೆ ಹಂಚಬೇಕೆಂದು ಅಪ್ಪನ ಹಟ; ಮುಚ್ಚಬಾರದೆಂದು ಅವಳ ಪ್ರಸ್ತಾಪ. ಸೋಮವಾರ ಆಡಳಿತ ಮಂಡಳಿಯಲ್ಲಿ ತೀರ್ಮಾನ. ಅದಕ್ಕೆ ಮುಂಚೆ ಇಲ್ಲೊಮ್ಮೆ ಗೆಲ್ಲಬೇಕಿತ್ತು...

ಗೆದ್ದಳು. ಆದರೆ ಅವನು? ತರಬೇತಿಯುದ್ದಕ್ಕೂ ಪಕ್ಕದಲ್ಲೇ ಕೂತು ಲೆಕ್ಕ ಹೇಳಿಕೊಟ್ಟವನು, ಅವಳೊಮ್ಮೆ ನಕ್ಕರೆ ಪೆನ್ನು ಕೆಳಗೆ ಬೀಳಿಸುತ್ತಿದ್ದವನು! ಬ್ಯಾಂಕಿನಲ್ಲಿ ಸಾಲ ವಿಭಾಗದ ಅಧಿಕಾರಿ; ಯಾರ ಖರ್ಚನ್ನೂ ಕತ್ತರಿಸದೆ ಬಿಡನೆಂದು ತರಗತಿಯೆಲ್ಲ ಇಟ್ಟ ಹೆಸರು 'ಕತ್ತರಿ'.

ಹೊರಗೆ ಕಾಫಿ ಯಂತ್ರದ ಬಳಿ ಅವನಿಗೆ ಅಡ್ಡ ನಿಂತಳು.

"ಏನ್ರೀ ಕತ್ತರಿ, ನಮ್ಮಪ್ಪ ಏನಾದ್ರೂ ಕೈ ಬೆಚ್ಚಗೆ ಮಾಡಿದ್ರಾ?"

"ಇಲ್ಲ. ನಿಮ್ಮ ವಾದ ತಪ್ಪಿತ್ತು."

"ಎಲ್ಲರಿಗೂ ಸರಿ ಕಂಡಿದ್ದು ನಿಮಗೊಬ್ಬರಿಗೇ ತಪ್ಪಾ?"

"ಅವರು ಸೋಮವಾರ ಅಲ್ಲಿ ಇರಲ್ಲ. 'ಇಷ್ಟೆಲ್ಲ ಸುರಿದಿದ್ದೀವಿ, ಈಗ ಹೇಗೆ ಬಿಡೋದು' ಅಂದ್ರಿ. ಹೋದ ಹಣ ಹೋಯ್ತು. ಮುಂದೆ ಏನು ಬರುತ್ತೆ ಅಂತ ಹೇಳಲೇ ಇಲ್ಲ. ನಿಮ್ಮಪ್ಪ ಮೊದಲು ಅದನ್ನೇ ಹಿಡೀತಾರೆ."

"ನಿಮ್ಮ ಉಪದೇಶ ನೀವೇ ಇಟ್ಕೊಳ್ಳಿ!" ಕಣ್ಣು ತುಂಬಿದ್ದು ಕಾಣದಂತೆ ತಿರುಗಿ ನಡೆದಳು.

ಮನೆಗೆ ಬಂದರೂ ಆ ಮಾತು ಬೆನ್ನು ಬಿಡಲಿಲ್ಲ. 'ಹಾಳಾದವನು... ಸರಿಯಾಗೇ ಹೇಳಿದ!' ಲ್ಯಾಪ್‌ಟಾಪ್ ತೆರೆದು, ಹಳೆಯ ಖರ್ಚಿನ ಪುಟಗಳನ್ನೆಲ್ಲ ಅಳಿಸಿ ಹಾಕಿದಳು.

ಸೋಮವಾರ ಅಪ್ಪ ಸಭೆಯ ಶುರುವಿನಲ್ಲೇ ಅಂದರು, "ಲ್ಯಾಬಿಗೆ ಸುರಿದದ್ದು ಸಾಕಮ್ಮ. ಮಗಳು ಅಂತ ಸುಮ್ನಿದ್ದೆ."

"ಮಗಳನ್ನ ಬಾಗಿಲಾಚೆ ಬಿಟ್ಟು ಬಂದಿದ್ದೀನಿ, ಅಧ್ಯಕ್ಷರೇ. ಸುರಿದದ್ದನ್ನ ನೀವೂ ಅಲ್ಲೇ ಬಿಡಿ." ಅವಳು ಪರದೆಯತ್ತ ಕೈ ತೋರಿಸಿದಳು. "ತೇವದ ಗೋಡೆಗೂ ಹಿಡಿಯೋ ಪೇಂಟ್ ನಮ್ಮ ಪರೀಕ್ಷೆಯಲ್ಲಿ ಪಾಸಾಗಿದೆ. ಮಾರುಕಟ್ಟೆಗೆ ತರೋಕೆ ಇನ್ನೆಷ್ಟು ಬೇಕು, ಎಷ್ಟು ಬರುತ್ತೆ, ಎಲ್ಲ ಪರದೆ ಮೇಲಿದೆ. ಒಂದೇ ಪ್ರಶ್ನೆ. ಈ ಲ್ಯಾಬ್ ನಮ್ಮ ಎದುರಾಳಿಗಳದ್ದಾಗಿದ್ದು, ಇವತ್ತು ಮಾರಾಟಕ್ಕೆ ಬಂದಿದ್ರೆ... ಕೊಳ್ಳದೆ ಬಿಡ್ತಿದ್ರಾ?"

ಅಪ್ಪ ಪರದೆ ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು.

"ಬಿಡ್ತಿರಲಿಲ್ಲ," ಗೊಣಗಿದರು. "ಒಂದು ವರ್ಷ ಕೊಡೋಣ. ಆಮೇಲೆ ಇದೇ ಪ್ರಶ್ನೆ ನಾನು ಕೇಳ್ತೀನಿ!"

"ಕೇಳಿ!"

ಅಲ್ಲಿಂದ ನೇರ ಅವನ ಬ್ಯಾಂಕಿಗೆ ಹೋದಳು. ಅವಳನ್ನು ಕಂಡವನೇ ಗಾಬರಿಯಿಂದ ಎದ್ದು ನಿಂತ.

"ಲ್ಯಾಬ್ ಉಳೀತು. ನಿಮ್ಮ ದಯೆಯಿಂದಲ್ಲ!"

"ಗೊತ್ತು..." ಅಂದ ಅವನು. "ಆ ದಿನ ನಿಮ್ಮನ್ನ ಕಳ್ಕೊಂಡೆ ಅಂದ್ಕೊಂಡಿದ್ದೆ. ಸುಮ್ನೆ ಹೊಗಳಿ ನಿಮ್ಮನ್ನ ಉಳಿಸ್ಕೊಳ್ಳೋದು ನನ್ನಿಂದ ಆಗಲಿಲ್ಲ. ಅಷ್ಟು ಇಷ್ಟ ನೀವು."

ಅವಳು ಅವನೆದುರಿನ ಕುರ್ಚಿ ಎಳೆದು ಕೂತಳು. ಗಲ್ಲ ಎತ್ತಿ ಹೇಳಿದಳು.

"ಕೋಪ ಇನ್ನೂ ಇದೆ. ಜೀವನಪೂರ್ತಿ ಇಟ್ಕೊಳ್ಳೋಣ ಅಂತಿದ್ದೀನಿ. ದೂರದಿಂದ ಕೋಪ ಮಾಡೋದು ಕಷ್ಟ..."

"ಮದುವೆ ಆಗೋಣ ಅಂತ ಕೇಳ್ತಿದ್ದೀರಾ?"

"ಕೇಳ್ತಿಲ್ಲ ಕಣೋ, ಹೇಳ್ತಿದ್ದೀನಿ!"

"ಸರಿ ಕಣೇ..." ಅಂದ ಕತ್ತರಿ, ಒಂದಕ್ಷರವನ್ನೂ ಕತ್ತರಿಸದೆ.