ನಾಲ್ಕು ಏಟಿನ ಮಾತು

"ನಿಮ್ ಯಜಮಾನ್ರು ಕೋಲಾಟ ಆಡ್ತಿದ್ರಾ?"

ಹಾಗೆ ಕೇಳಿ ಅವನು ಮುಂದಕ್ಕೆ ಹೋಗಿಬಿಟ್ಟ.

ಮಮತಳಿಗೆ ಸಿಟ್ಟು ಮಾಡಿಕೊಳ್ಳಲೂ ಸಮಯ ಸಿಗಲಿಲ್ಲ. ಎದುರಿಗೆ ಬಂದವರ ಜೊತೆ ನಾಲ್ಕು ಏಟು, ಆಮೇಲೆ ಇಬ್ಬರೂ ಮುಂದಕ್ಕೆ. ಒಳಸುತ್ತಿನವರು ಆ ಕಡೆಗೆ, ಹೊರಸುತ್ತಿನವರು ಈ ಕಡೆಗೆ. ಅವನನ್ನು ಬೈಯಬೇಕೆಂದರೂ ಒಂದು ಸುತ್ತು ಕಾಯಬೇಕಿತ್ತು.

ಅವನ ಹಿಂದೆಯೇ ಮೂರು ಮನೆ ಆಚೆಯ ಜಯಲಕ್ಷ್ಮಮ್ಮ ಬಂದು ಎದುರು ನಿಂತು ಕೋಲು ಚಾಚಿದರು.

"ಏನವ್ವ ಕೇಳ್ದ ಅವ್ನು?"

"ಏನಿಲ್ಲ."

"ನಂಗೆ ಕೇಳಿಸ್ತು ಬುಡು. ಇನ್ನೊಂದ್ಸಲ ಕೇಳಾನ ಅಂತ ಕೇಳ್ದೆ."

ಪ್ರತಿ ತಿಂಗಳ ಎರಡನೇ ಶನಿವಾರ ಸಂಜೆ ಶ್ರೀರಂಗಪಟ್ಟಣದ ಆ ಬೀದಿಯ ಎರಡು ತುದಿಗೂ ಆಟೋ ಅಡ್ಡ ನಿಲ್ಲಿಸುತ್ತಾರೆ. ಮುಚ್ಚಿದ ಹಿಟ್ಟಿನ ಮಿಲ್ಲಿನ ಕಟ್ಟೆಯ ಮೇಲೆ ಹಾರ್ಮೋನಿಯಂ, ಢೋಲಕ್ಕು, ಒಂದು ಕೀಬೋರ್ಡು, ಎರಡು ಸ್ಪೀಕರು. ಮೊದಲು ಸಿನಿಮಾ ಹಾಡು. ಅದಕ್ಕೆ ಬೀದಿಯಲ್ಲಿ ಯಾರು ಬೇಕಾದರೂ ಹೇಗೆ ಬೇಕಾದರೂ ಕುಣಿಯಬಹುದು. ಆಮೇಲೆ ತರಕಾರಿ ಅಂಗಡಿಯ ದ್ಯಾವಮ್ಮ ಮೈಕು ಕೈಗೆ ತೆಗೆದುಕೊಂಡರೆ ಕೋಲಾಟ ಶುರುವಾಯಿತೆಂದು ಅರ್ಥ.

ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ಮಮತ, ಅತ್ತೆ ಬೀರಮ್ಮನ ಜೊತೆ ಆ ಬೀದಿಗೆ ಬಾಡಿಗೆಗೆ ಬಂದಿದ್ದಳು. ಮೊದಮೊದಲು ಇಬ್ಬರೂ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಈ ಶನಿವಾರ ಸುತ್ತಿಗೆ ಒಬ್ಬರು ಕಡಿಮೆ ಬಿದ್ದರು. ಬೀರಮ್ಮ ಯಾರದೋ ಕೋಲು ಈಸಿಕೊಂಡು ಸೊಸೆಯ ಕೈಗಿಟ್ಟು, "ಹೋಗು, ಜೋಡಿಗೆ ಒಬ್ರು ಕಮ್ಮಿ ಅವ್ರೆ," ಎಂದು ಬೆನ್ನು ತಳ್ಳಿದ್ದಳು.

ಲೋಕೇಶ್ ಡೆಂಗಿ ಜ್ವರದಲ್ಲಿ ಹೋದ ಮೇಲೆ ಜನ ಮಮತಳ ಮುಂದೆ ಗಂಡ ಎನ್ನುವ ಮಾತನ್ನೇ ಆಡುತ್ತಿರಲಿಲ್ಲ. ಅವಳು ಮನೆಯೊಳಗೆ ಬಂದರೆ ಟಿವಿಯ ಸೌಂಡು ಕಡಿಮೆ ಮಾಡುತ್ತಿದ್ದರು. ನಗುತ್ತಿದ್ದವರು ಕೆಮ್ಮುತ್ತಿದ್ದರು. ಅವಳಿಗೂ ಅದು ಅಭ್ಯಾಸವಾಗಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ, ಅವಳಿಗೂ ಯಾರನ್ನೂ ಏನೂ ಕೇಳಬೇಕೆನಿಸುತ್ತಿರಲಿಲ್ಲ.

ಈಗ ಸುತ್ತು ತಿರುಗುತ್ತಿತ್ತು. ಯಾರು ಯಾರೋ ಎದುರು ಬಂದು ಕೋಲು ತಾಕಿಸಿ ಹೋದರು. ಅರ್ಧ ಸುತ್ತಿನವರೆಗೆ ಸಿಟ್ಟಿತ್ತು. ಆಮೇಲೆ ಅದು ಇರಲಿಲ್ಲ. ಆ ಮನುಷ್ಯ ಯಾಕೆ ಹಾಗೆ ಕೇಳಿದ ಎಂದು ತಿಳಿಯಬೇಕಿತ್ತು, ಅಷ್ಟೇ.

ಅವನು ಎದುರಿಗೆ ಬಂದ.

"ಅವರು ತೀರ್ಕೊಂಡು ಮೂರು ವರ್ಷ ಆಯ್ತು," ಎಂದಳು.

"ಗೊತ್ತು. ಅದಕ್ಕೇ ನಿಮ್ಮನ್ನ ಕೇಳ್ದೆ. ಅವ್ರನ್ನ ಕೇಳಕ್ಕಾಗಲ್ವಲ್ಲ."

ನಾಲ್ಕನೇ ಏಟು. ಹೋದ.

ಇನ್ನೊಂದು ಸುತ್ತು. ಈ ಸಲ ಅವಳು ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದಳು.

"ಇಲ್ಲ. ಅವರಿಗೆ ತಾಳಾನೇ ಬರ್ತಿರ್ಲಿಲ್ಲ. ಭಜನೇಲಿ ಎಲ್ಲರೂ ಚಪ್ಪಾಳೆ ನಿಲ್ಲಿಸಿದ ಮೇಲೆ ಇವರದೊಂದು ಕೇಳ್ಸೋದು."

ಅವನು ಜೋರಾಗಿ ನಕ್ಕ. ನಗುತ್ತಲೇ ಮುಂದಕ್ಕೆ ಹೋದ. ಲೋಕೇಶನ ವಿಷಯಕ್ಕೆ ಯಾರಾದರೂ ನಕ್ಕಿದ್ದನ್ನು ಕೇಳಿ ಮೂರು ವರ್ಷವಾಗಿತ್ತು. ಲೋಕೇಶ ಇದ್ದಿದ್ದರೆ ಅವನೂ ನಗುತ್ತಿದ್ದ.

"ಯಾಕ್ ನಕ್ಕ ಅವ್ನು?" ಎಂದರು ಜಯಲಕ್ಷ್ಮಮ್ಮ. "ಈ ಸಲ ನಿಜಕ್ಕೂ ಕೇಳಿಸ್ಲಿಲ್ಲ."

ಅವನ ಹೆಸರು ಕನಕರಾಜು. ಊರು ಪಾಂಡವಪುರದ ಕಡೆ. ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕೆಲಸ, ವಾಸ ಜಯಲಕ್ಷ್ಮಮ್ಮನ ಮಹಡಿಯ ಮೇಲೆ. ವಯಸ್ಸು ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಆ ಕೆಲಸವನ್ನು ಅವನ ತಾಯಿಯೂ ಜಯಲಕ್ಷ್ಮಮ್ಮನೂ ಸೇರಿ ಫೋನಿನಲ್ಲೇ ನಡೆಸುತ್ತಿದ್ದರು.

ಇಷ್ಟನ್ನೂ ಮಮತ ಮುಂದಿನ ತಿಂಗಳುಗಳಲ್ಲಿ ತುಂಡು ತುಂಡಾಗಿ ತಿಳಿದುಕೊಂಡಳು. ಹಾಲಿನ ಬೂತಿನ ಮುಂದೆ ಸಿಕ್ಕರೆ ಇಬ್ಬರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಬಸ್ ಸ್ಟಾಂಡಿನಲ್ಲಿ ಅಷ್ಟೂ ಇಲ್ಲ. ನೋಡುವ ಕಣ್ಣುಗಳಿದ್ದವು. ಸುತ್ತಿನೊಳಗೆ ಮಾತ್ರ ಯಾರೂ ಏನೂ ಅನ್ನುವಂತಿರಲಿಲ್ಲ. ಅಲ್ಲಿ ಎಲ್ಲರೂ ಎಲ್ಲರ ಎದುರು ನಿಲ್ಲಲೇಬೇಕು.

ಅವನು ಕೇಳುತ್ತಿದ್ದ. ಲೋಕೇಶ್ ಅವ್ರಿಗೆ ಏನು ಇಷ್ಟ? ನೀವು ಜಗಳ ಆಡ್ತಿದ್ರಾ? ಯಾರು ಮೊದ್ಲು ಮಾತು ಬಿಡ್ತಿದ್ರಿ? ಕೆಮಿಸ್ಟ್ರಿ ಯಾಕೆ? ನಿಮಗೆ ನೀರು ಕಂಡ್ರೆ ಭಯಾನಾ? ಒಂದು ಪ್ರಶ್ನೆ, ನಾಲ್ಕು ಏಟು, ಮತ್ತೆ ಬೆನ್ನು.

ಅವನ ನೋಟಕ್ಕೂ ಒಂದು ತಾಳವಿತ್ತು. ಮೊದಲ ಮೂರು ಏಟಿಗೆ ಕೋಲು ತಾಕುವ ಕಡೆಗೇ ನೋಡುತ್ತಿದ್ದ. ನಾಲ್ಕನೆಯದಕ್ಕೆ ಕಣ್ಣೆತ್ತುತ್ತಿದ್ದ. ಬುಧವಾರವೋ ಗುರುವಾರವೋ ಹುರುಳಿಕಾಯಿ ಮುರಿಯುತ್ತಾ ಕೂತಾಗ ಆ ನಾಲ್ಕನೇ ಏಟು ನೆನಪಾಗಿ ಅವಳ ಕೈ ನಿಲ್ಲುತ್ತಿತ್ತು. ಅವನನ್ನು ಕೇಳಬೇಕಾದ ಪ್ರಶ್ನೆಗಳು ಅವಳಲ್ಲೂ ಹುಟ್ಟತೊಡಗಿದ್ದವು.

"ಯಾವಾಗ್ಲೂ ಅಂಗಿದು ಒಂದೇ ತೋಳು ಮಡ್ಚಿರ್ತೀರಲ್ಲ, ಯಾಕೆ?"

"ಬಲಗಡೇದು ಮಡ್ಚಕ್ಕೆ ಎಡಗೈಗೆ ಬರಲ್ಲ."

ಸುತ್ತು.

"ಕಲೀಬೋದಲ್ಲ?"

"ಕಲಿಯೋ ಬದ್ಲು ಯಾರಾದ್ರೂ ಮಡ್ಚಿಕೊಟ್ರೆ ಆಯ್ತು."

ಮುಂದಿನವರ ಕೋಲಿಗೆ ಅವಳ ಎರಡು ಏಟು ತಪ್ಪಿದವು.

ಅದರ ಮುಂದಿನ ತಿಂಗಳು ಅವನು ಎರಡೂ ತೋಳು ಮಡಿಚಿಕೊಂಡು ಬಂದ. ಅಚ್ಚುಕಟ್ಟಾಗಿ, ಇಸ್ತ್ರಿ ಹೊಡೆದ ಹಾಗೆ. ಮಮತಳಿಗೆ ಹಾಡು ಕೇಳಿಸಲಿಲ್ಲ.

"ಯಾರು ಮಡ್ಚಿದ್ದು?"

"ಯಾಕೆ?" ಎಂದ ಅವನು, ಕಣ್ಣೆತ್ತಿ.

ಹೋದ. ಇನ್ನೊಂದು ಸುತ್ತು ಕಾಯಬೇಕೆಂಬುದು ಅವಳಿಗೆ ಅನ್ಯಾಯವೆನಿಸಿತು. ಅಷ್ಟರಲ್ಲಿ ಜಯಲಕ್ಷ್ಮಮ್ಮ ಎದುರು ಬಂದು ಕೋಲೆತ್ತಿದರು.

"ನಾನೇ ಕಣವ್ವ ಮಡ್ಚಿದ್ದು. ಒಂದ್ ತೋಳು ಮೇಲೆ ಒಂದ್ ಕೆಳಗೆ, ಗಾರೆ ಕೆಲ್ಸದೋನ್ ತರ ಕಾಣ್ತಿದ್ದ. ಯಾಕವ್ವ ನಗ್ತೀಯ?"

"ಏನಿಲ್ಲ, ನಗ್ತಿಲ್ಲ," ಎಂದಳು ಮಮತ, ನಗುತ್ತಾ.

ಮನೆಗೆ ಹೋದ ಮೇಲೆ ನಗು ಉಳಿಯುತ್ತಿರಲಿಲ್ಲ. ಬೀರಮ್ಮ ಸೊಸೆಗೆ ರೊಟ್ಟಿ ತಟ್ಟಿ ಕೊಡುತ್ತಾ, "ಇನ್ನೊಂದ್ ತಿನ್ನು, ಕುಣಿದಿದ್ದೀಯ," ಎನ್ನುತ್ತಿದ್ದಳು. ಗೋಡೆಯ ಮೇಲೆ ಲೋಕೇಶನ ಫೋಟೊ. ಬೀರಮ್ಮನಿಗೆ ಅವನೊಬ್ಬನೇ ಮಗ. ಅತ್ತೆಯನ್ನು ಬಿಟ್ಟು ಹೋಗದ ಸೊಸೆ ಎಂದು ಬೀದಿಯವರು ಮಮತಳನ್ನು ಹೊಗಳುತ್ತಿದ್ದರು. ಆ ಹೊಗಳಿಕೆಗೆ ಏನು ಉತ್ತರ ಕೊಡಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ. ಅವಳಿಗೆ ಬೀರಮ್ಮನೂ ಬೇಕಿತ್ತು, ಮುಂದಿನ ಶನಿವಾರವೂ ಬೇಕಿತ್ತು. ಎರಡನ್ನೂ ಒಂದೇ ಬಾಯಲ್ಲಿ ಕೇಳುವುದು ಹೇಗೆ?

ಆ ಶನಿವಾರ ಕನಕರಾಜು ಏನೂ ಕೇಳಲಿಲ್ಲ.

ಮೊದಲ ಸುತ್ತಿನಲ್ಲಿ ಸುಮ್ಮನೆ ಕೋಲು ತಾಕಿಸಿ ಹೋದ. ಎರಡನೆಯದರಲ್ಲೂ ಹಾಗೆಯೇ. ನಾಲ್ಕನೇ ಏಟಿಗೂ ಕಣ್ಣೆತ್ತಲಿಲ್ಲ. ಅವಳೇ ಕೇಳಿದಳು.

"ಏನಾಯ್ತು?"

"ನಾಳೆ ನಾಗಮಂಗಲಕ್ಕೆ ಕರ್ಕೊಂಡ್ ಹೋಗ್ತಾವ್ರೆ. ಹೆಣ್ಣು ನೋಡಕ್ಕೆ."

ಮೂರನೇ ಏಟು. ಈಗ ಅವನು ನೋಡಿದ.

"ಹೋಗ್ಲಾ?"

ನಾಲ್ಕನೇ ಏಟು. ಇಬ್ಬರೂ ಮುಂದಕ್ಕೆ ಸರಿದರು.

"ಹೆಣ್ಣು ಬಿ.ಎಡ್. ಮಾಡವ್ಳೆ," ಎಂದರು ಜಯಲಕ್ಷ್ಮಮ್ಮ ಹುರುಪಿನಿಂದ. "ಲಕ್ಷಣವಾಗವ್ಳೆ. ಮನೇಲಿ ಟ್ರಾಕ್ಟರು, ಎರಡು ಸೀಮೆ ಹಸ. ನಾನೇ ಹುಡ್ಕಿರೋ ಸಂಬಂಧ. ಕಾರು ಹೇಳ್ಬುಟ್ಟಿದೀನಿ. ಏಟು ಹಾಕವ್ವ, ಎಲ್ ನೋಡ್ತಿದ್ದೀಯ?"

ಮಮತ ಏಟು ಹಾಕಿದಳು. ಮುಂದಿನವರಿಗೂ ಹಾಕಿದಳು. ಅದರ ಮುಂದಿನವರು ಯಾರೆಂದು ನೋಡಲಿಲ್ಲ. ದ್ಯಾವಮ್ಮ ಹಾಡಿನ ವೇಗ ಏರಿಸುತ್ತಿದ್ದಳು. ಢೋಲಕ್ಕಿನವನು ಅವಳ ಹಿಂದೆ ಓಡುತ್ತಿದ್ದ. ಹೀಗೆ ವೇಗ ಏರಿದರೆ ಹಾಡು ಮುಗಿಯಲು ಬಂತೆಂದು ಎಲ್ಲರಿಗೂ ಗೊತ್ತು. ಉಳಿದಿದ್ದು ಇದೊಂದೇ ಸುತ್ತು.

ಜಗಲಿಯ ಮುಂದೆ ಹಾದಾಗ ಬೀರಮ್ಮ ಕಂಡಳು. ಸೆರಗು ಹೊದ್ದು, ಕಾಲು ಚಾಚಿ, ತಾಳಕ್ಕೆ ತೊಡೆ ತಟ್ಟುತ್ತಿದ್ದಳು. ಮಮತ ಒಂದು ಕ್ಷಣ ಏನೂ ಹೇಳಬಾರದೆಂದು ತೀರ್ಮಾನಿಸಿದಳು. ಹೋಗಲಿ. ಬಿ.ಎಡ್. ಮಾಡಿದ ಹುಡುಗಿ ಅವನ ತೋಳು ಮಡಿಚಲಿ. ಅದನ್ನು ಯೋಚಿಸಿದ ಕೂಡಲೇ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಇಷ್ಟು ದಿನ ಮರಗಟ್ಟಿ ಹೋಗಿದ್ದ ಜಾಗ. ನೋವಾದದ್ದಕ್ಕೆ ಅವಳಿಗೆ ಆಶ್ಚರ್ಯವಾಯಿತು.

ಕನಕರಾಜು ಎದುರಿಗೆ ಬಂದ.

ಒಂದು ಏಟು. ಅವಳು ಬಾಯಿ ತೆರೆದಳು. ಎರಡು. ಮಾತು ಬರಲಿಲ್ಲ. ಮೂರು. ಅವನು ಕಾಯುತ್ತಿದ್ದ. ನಾಲ್ಕು.

ಮಮತ ಮುಂದಕ್ಕೆ ಹೋಗಲಿಲ್ಲ.

ಕಾಲನ್ನು ನೆಲಕ್ಕೆ ಒತ್ತಿ ನಿಂತುಬಿಟ್ಟಳು. ಅವಳ ಹಿಂದಿದ್ದ ರಂಗಸ್ವಾಮಿ, ನಿವೃತ್ತ ಬಸ್ ಕಂಡಕ್ಟರು, ಅವಳ ಬೆನ್ನಿಗೆ ಬಂದು ಮುಗ್ಗರಿಸಿದರು. ಕನಕರಾಜುವಿನ ಬೆನ್ನಿಗೆ ಜಯಲಕ್ಷ್ಮಮ್ಮ ಡಿಕ್ಕಿ ಹೊಡೆದರು. ಅವರ ಹಿಂದಿನವರು ಅವರಿಗೆ. ಒಳಸುತ್ತೂ ಹೊರಸುತ್ತೂ ಒಂದರ ಮೇಲೊಂದು ಬಿದ್ದು ಸಂತೆಯಂತಾಯಿತು. ಯಾರದೋ ಕೋಲು ಕೈಜಾರಿ ಉರುಳಿಹೋಯಿತು. ದ್ಯಾವಮ್ಮ ಹಾಡು ನಿಲ್ಲಿಸಿದಳು. ಢೋಲಕ್ಕು ನಿಂತಿತು.

"ಮುಂದಕ್ಕೆ ನಡೀರಮ್ಮ, ಹಿಂದೆ ಜನ ಅವ್ರೆ," ಎಂದರು ರಂಗಸ್ವಾಮಿ.

ಮಮತಳಿಗೆ ಆಗ ದನಿ ಬಂತು. ಮೆಲ್ಲಗೆ ಹೇಳಬೇಕೆಂದೇ ಅವಳು ಹೇಳಿದ್ದು. ಆದರೆ ಬೀದಿಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ.

"ಹೋಗ್ಬೇಡಿ."

ಎಲ್ಲರಿಗೂ ಕೇಳಿಸಿತು.

"ಎಲ್ಲಿಗೆ?" ಎಂದರು ರಂಗಸ್ವಾಮಿ. "ನಾನೆಲ್ಲೂ ಹೋಗ್ತಿಲ್ವಲ್ಲ."

"ನಿಮಗಲ್ಲ ಕಣ್ರೀ," ಎಂದ ಜಯಲಕ್ಷ್ಮಮ್ಮ ಅಷ್ಟಕ್ಕೇ ನಿಂತರು. ಮಮತಳ ಮುಖ ನೋಡಿದರು. ಕನಕರಾಜುವಿನ ಮುಖ ನೋಡಿದರು. "ಅಯ್ಯೋ ಶಿವನೇ. ಕಾರು ಹೇಳಿದೀನಲ್ಲೋ."

"ಹೋಗಲ್ಲ," ಎಂದ ಕನಕರಾಜು. ಅವನು ಮಮತಳನ್ನೇ ನೋಡುತ್ತಿದ್ದ. ಎಣಿಸಲು ಈಗ ಏಟುಗಳಿರಲಿಲ್ಲ. "ನೀವು ಹೇಳ್ಲಿ ಅಂತ ಕಾಯ್ತಿದ್ದೆ. ಹೋಗಲ್ಲ."

ಒಬ್ಬೊಬ್ಬರಾಗಿ ಎಲ್ಲರ ತಲೆಗಳೂ ಜಗಲಿಯ ಕಡೆಗೆ ತಿರುಗಿದವು. ಮಮತ ಮಾತ್ರ ತಿರುಗಲಿಲ್ಲ. ಅವಳಿಗೆ ಧೈರ್ಯವಾಗಲಿಲ್ಲ.

"ನನ್ ಮಕ ಯಾಕ್ರಪ್ಪ ನೋಡ್ತೀರಿ?" ಎಂದಳು ಬೀರಮ್ಮ. "ಹೇಳ್ದೋಳು ಅವ್ಳು. ಕೇಳಿಸ್ಕಂಡೋನು ಅವ್ನು. ನಾನು ಸುಮ್ಕೆ ಕುಂತಿವ್ನಿ."

ಆಮೇಲೆ ಕನಕರಾಜುವಿಗೆ ಕೈ ಮಾಡಿದಳು. "ಬಾ ಇಲ್ಲಿ."

ಅವನು ಹೋಗಿ ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತ. ಮಮತ ಕೋಲು ಹಿಡಿದುಕೊಂಡೇ ಅವನ ಹಿಂದೆ ನಿಂತಳು.

"ನಮ್ಮನೇಲಿ ನನ್ ಮಗನ್ ಫೋಟೊ ಅದೆ," ಎಂದಳು ಬೀರಮ್ಮ. "ತೆಗೆಯಕ್ಕಿಲ್ಲ."

"ತೆಗೀಬೇಡಿ ಅವ್ವ. ಅವ್ರ ವಿಷ್ಯ ನಂಗಿನ್ನೂ ಕೇಳದು ಭಾಳ ಅದೆ."

ಬೀರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕೇಳು," ಎಂದಳು. "ಅವ್ಳಿಗೆ ಗೊತ್ತಿರೋದು ಅರ್ಧ. ಚಿಕ್ಕೋನಾಗಿದ್ದಾಗಿಂದು ನಾನ್ ಹೇಳ್ಬೇಕು."

ಮಮತ ಅತ್ತೆಯ ಪಕ್ಕದಲ್ಲಿ ಕೂತು ಅವಳ ಭುಜಕ್ಕೆ ಹಣೆ ಇಟ್ಟಳು. "ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಲ್ಲ ಅತ್ತೆ."

"ಯಾರ್ ಬುಟ್ಟು ಹೋಗು ಅಂದ್ರು ನಿಂಗೆ? ಅವ್ನಿರದು ಮೂರ್ ಮನೆ ಆಚೆ." ಬೀರಮ್ಮ ದನಿ ಎತ್ತರಿಸಿದಳು. "ಜಯಮ್ಮ, ಆ ಕಾರು ಬೇಡ ಅನ್ಬೇಡ. ನಾಳೀಕೆ ಸಿಂಧಘಟ್ಟಕ್ಕೆ ಹೋಗಾನ. ಇವ್ಳ ಅಪ್ಪ ಅವ್ವ ಅಲ್ಲೇ ಅವ್ರೆ, ಅವ್ರನ್ನೂ ಒಂದ್ ಮಾತು ಕೇಳ್ಬೇಕು."

"ನಾಗಮಂಗಲದೋರ್ಗೆ ನಾನೇನ್ ಹೇಳ್ಲಿ?"

"ಬಿ.ಎಡ್. ಮಾಡಿರೋ ಹುಡ್ಗೀಗೆ ಗಂಡಿನ ಬರ್ವಾ? ಇನ್ನೊಬ್ಬನ್ನ ಹುಡ್ಕು. ನಿಂಗೂ ಕೆಲ್ಸ ಬೇಕಲ್ಲ."

ಯಾರೋ ನಕ್ಕರು. ಆಮೇಲೆ ಸುಮಾರು ಜನ ನಕ್ಕರು. ಮಿಲ್ಲಿನ ಕಟ್ಟೆಯ ಮೇಲಿಂದ ದ್ಯಾವಮ್ಮ ಮೈಕಿನಲ್ಲೇ ಕೇಳಿದಳು: "ಎಲ್ಲಿಂದ ಹಾಡ್ಲಿ ಈಗ?"

"ಮೊದ್ಲಿಂದ," ಎಂದರು ರಂಗಸ್ವಾಮಿ, ಬಿದ್ದ ಕೋಲು ಹುಡುಕುತ್ತಾ.

"ಕಾರಲ್ಲಿ ಮುಂದಿನ ಸೀಟು ನಂಗೆ," ಎಂದಳು ಬೀರಮ್ಮ. "ಹಿಂದೆ ಕುಂತ್ರೆ ವಾಂತಿ ಬತ್ತದೆ ನಂಗೆ."

ಸಿಂಧಘಟ್ಟಕ್ಕೆ ಒಂದು ಗಂಟೆಗೂ ಮೇಲಿನ ದಾರಿ. ಅಷ್ಟು ಹೊತ್ತು ಹಿಂದಿನ ಸೀಟಿನಲ್ಲಿ, ಯಾರೂ ಮುಂದಕ್ಕೆ ಸರಿಯದೆ, ಪಕ್ಕಪಕ್ಕದಲ್ಲಿ. ಏನು ಮಾತಾಡುವುದು? ಮಮತಳಿಗೆ ಗೊತ್ತಿರಲಿಲ್ಲ. ತಿಳಿಯಲು ಬೆಳಗಾಗಬೇಕಿತ್ತು.

ಕನಕರಾಜು ಎದ್ದು ನಿಂತು ಅವಳ ಕಡೆ ಕೈ ಚಾಚಿದ.

"ಕಿಟಕಿ ಪಕ್ಕ ಯಾರು?"

"ನಾನು," ಎಂದಳು ಮಮತ. ಅವನ ಕೈ ಹಿಡಿದು ಜಗಲಿಯಿಂದ ಇಳಿದಳು.